ಗ್ಯಾಸ್ ತುಂಬಿಸುವ ಮೊದಲು

ಹ್ಯಾಲಿಫ್ಯಾಕ್ಸ್, ಕೆನಡಾ
ಮಾರ್ಚ್ 9

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಬೇಸಿಗೆ ಬಂತು, ಎ.ಸಿ.ಗೆ ಈ ವರ್ಷವೂ ಗ್ಯಾಸ್ ತುಂಬಿಸಬೇಕಂತೆ ಎಂದು ಕಳೆದ ಭಾನುವಾರ ನೀವು ಫೋನಿನಲ್ಲಿ ಹೇಳಿದಾಗ, ಸ್ವಲ್ಪ ತಡೆಯಿರಿ, ಬರೆದು ಕಳುಹಿಸುತ್ತೇನೆ ಎಂದಿದ್ದೆನಲ್ಲ, ಇದೇ ಆ ಪತ್ರ.

ಗ್ಯಾಸ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ ಎಂದು ನನಗೆ ತೋರುತ್ತದೆ. ಅಡುಗೆಮನೆಯ ಸಿಲಿಂಡರ್ ಖಾಲಿಯಾಗುವುದನ್ನು ಕಂಡ ನಾವು, ಎ.ಸಿ.ಯ ಗ್ಯಾಸೂ ವರ್ಷಕ್ಕೊಮ್ಮೆ ತೀರುತ್ತದೆಂದು ನಂಬಿದ್ದೇವೆ. ಆದರೆ ಅದು ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಇದ್ದುಕೊಂಡೇ ಕೋಣೆಯಲ್ಲಿ ಆವಿಯಾಗುತ್ತ ಶಾಖವನ್ನು ಹೀರುತ್ತದೆ, ಹೊರಗಿನ ಪೆಟ್ಟಿಗೆಯಲ್ಲಿ ಮತ್ತೆ ದ್ರವವಾಗುತ್ತ ಆ ಶಾಖವನ್ನು ಬಿಟ್ಟುಕೊಡುತ್ತದೆ. ಸೋರಿಕೆ ಇಲ್ಲದಿದ್ದರೆ ಯಂತ್ರ ಬಾಳುವಷ್ಟು ಕಾಲವೂ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ಪ್ರತಿವರ್ಷ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಹಣದ ಮಾತು ಹಾಗಿರಲಿ, ನಿಮ್ಮ ಯಂತ್ರದ ಆರ್-32 ಗ್ಯಾಸ್ ಗಾಳಿಗೆ ಸೇರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 675 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ನಮ್ಮ ಇಲ್ಲಿಯ ಯಂತ್ರದಲ್ಲಿರುವ ಆರ್-410ಎ ಇನ್ನೂ ಕೆಟ್ಟದ್ದು, ಎರಡು ಸಾವಿರ ಪಟ್ಟು ದಾಟುತ್ತದೆ.

ಇಲ್ಲಿಯದು ನೋಡಲು ಕಲಬುರಗಿಯ ನಿಮ್ಮ ಮನೆಯ ಸ್ಪ್ಲಿಟ್ ಎ.ಸಿ.ಯಂತೆಯೇ ಇದೆ, ಹೀಟ್ ಪಂಪ್ ಎನ್ನುತ್ತಾರೆ. ಗ್ಯಾಸಿನ ದಿಕ್ಕನ್ನು ತಿರುಗಿಸುವ ಒಂದು ವಾಲ್ವ್ ಇರುವುದರಿಂದ, ಚಳಿಗಾಲದಲ್ಲಿ ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನೇ ಒಳಗೆ ತರುತ್ತದೆ. ಚಳಿ ತೀರಾ ಹೆಚ್ಚಿಲ್ಲದ ದಿನ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ನಿಮ್ಮ ಯಂತ್ರಕ್ಕೆ ಚಳಿಗಾಲದಲ್ಲಾದರೂ ಬಿಡುವುಂಟು, ನಮ್ಮದಕ್ಕೆ ಬಿಡುವೆಂಬುದೇ ಕಡಿಮೆ.

ಎಲ್ಲದಕ್ಕೂ ಗ್ಯಾಸನ್ನೇ ದೂರಬಾರದೆಂಬ ಪಾಠವನ್ನು ನಾನು ಕಲಿತದ್ದು ಒಗ್ಗರಣೆಯಿಂದ. ನಮ್ಮಲ್ಲಿ ಅಡುಗೆಮನೆಗೂ ಹಜಾರಕ್ಕೂ ನಡುವೆ ಗೋಡೆಯಿಲ್ಲ, ಹೀಟ್ ಪಂಪ್ ಒಲೆಗೆ ಎದುರಾಗಿಯೇ ಇದೆ. ಹೋದ ವರ್ಷ ಕರೆಂಟ್ ಬಿಲ್ ಏರುತ್ತ ಹೋಗಿ, ಕೋಣೆ ಬೆಚ್ಚಗಾಗದೆ, ಹಳೆಯ ಎಣ್ಣೆಯ ವಾಸನೆಯೂ ಬರತೊಡಗಿದಾಗ, ಗ್ಯಾಸ್ ಮುಗಿದಿರಬೇಕೆಂದು ನಾನೂ ನಿಮ್ಮಂತೆಯೇ ಅಂದುಕೊಂಡು ತಂತ್ರಜ್ಞರನ್ನು ಕರೆಸಿದೆ. ಅವರು ಗ್ಯಾಸಿನ ಗೊಡವೆಗೇ ಹೋಗದೆ, ಮೊದಲು ಮುಚ್ಚಳ ತೆಗೆದು ಟಾರ್ಚ್ ಹಿಡಿದು ತೋರಿಸಿದರು. ಫಿಲ್ಟರನ್ನು ನಾನು ತಿಂಗಳಿಗೊಮ್ಮೆ ತೊಳೆಯುತ್ತಿದ್ದೆನಾದರೂ, ಸಾಸಿವೆ ಸಿಡಿಸಿದ ಹೊಗೆಯ ಜಿಡ್ಡು ಅದನ್ನು ದಾಟಿ ಹೋಗಿ ಹಿಂದಿನ ಉದ್ದನೆಯ ಫ್ಯಾನಿನ ಅಲಗುಗಳಿಗೆ ಅಂಟಿಕೊಂಡಿತ್ತು, ಅದರ ಮೇಲೆ ಧೂಳು ಕೂತು ಕಂಬಳಿಯಂತಾಗಿತ್ತು. ಕೆಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ ತೊಳೆದಾಗ ಇಳಿದ ನೀರು ಡಿಕಾಕ್ಷನ್‌ನಷ್ಟು ಕಪ್ಪಗಿತ್ತು. ನೀವು ಹೆಚ್ಚು ಕರಿಯುತ್ತೀರಾ ಎಂದು ಅವರು ಕೇಳಿದರು. ಒಗ್ಗರಣೆಯನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಗ್ಯಾಸ್ ಮಾತ್ರ ಇದ್ದಷ್ಟೇ ಇತ್ತು.

ಹೊರಗಿನ ಪೆಟ್ಟಿಗೆಯನ್ನು ಹಿಮದಲ್ಲಿ ಹೂತುಹೋಗದಂತೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತರಿಸಿ ಇಟ್ಟಿದ್ದಾರೆ, ಸುತ್ತಲೂ ಬಿದ್ದದ್ದನ್ನು ನಾವು ಸಲಿಕೆಯಿಂದ ಸರಿಸುತ್ತೇವೆ. ಮೊದಲ ಚಳಿಗಾಲದಲ್ಲಿ ಒಮ್ಮೆ ಅದರಿಂದ ದಟ್ಟ ಆವಿ ಏಳುವುದನ್ನು ಕಂಡು ಬೆಂಕಿ ಹೊತ್ತಿತೆಂದು ಹೆದರಿದ್ದೆ. ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಯ ಸುರುಳಿಯ ಮೇಲೆ ಕಟ್ಟಿದ ಹಿಮವನ್ನು ಕರಗಿಸಲು ಯಂತ್ರವೇ ಆಗಾಗ ಕೆಲವು ನಿಮಿಷ ತಿರುಗುಮುರುಗಾಗಿ ಓಡುತ್ತದೆಯಂತೆ. ಆ ಮಂಜನ್ನು ಚಾಕುವಿನಿಂದಲೋ ಉಳಿಯಿಂದಲೋ ಕೆರೆಯಲು ಹೋಗಬಾರದು, ಹಾಳೆಯಂಥ ಅಲ್ಯೂಮಿನಿಯಂ ರೆಕ್ಕೆಗಳು ಬಾಗುತ್ತವೆ, ಕೊಳವೆಯೂ ತೂತಾಗಬಹುದು. ಸಮುದ್ರದ ಉಪ್ಪು ಗಾಳಿ ಬೇರೆ ಇರುವುದರಿಂದ ಬೇಸಿಗೆಯಲ್ಲಿ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯುತ್ತೇವೆ.

ನಿಮ್ಮಲ್ಲಿ ಹಿಮವಿಲ್ಲ, ಆದರೆ ಹಿಂದಿನ ಬೀದಿಯ ದಾಲ್ ಮಿಲ್ಲಿನ ತೊಗರಿ ಹೊಟ್ಟು ಇದೆಯಲ್ಲ, ಹಿಮಕ್ಕಿಂತ ಅದೇ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರನ್ನು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು. ಮುಚ್ಚಳ ತೆಗೆಯುವ ಮೊದಲು ಎ.ಸಿ.ಗೆ ಕರೆಂಟ್ ಕೊಡುವ ಎಂ.ಸಿ.ಬಿ. ಸ್ವಿಚ್ಚನ್ನು ಆಫ್ ಮಾಡಬೇಕು. ಏಣಿ ಹತ್ತುವುದು ತಮ್ಮನ ಕೆಲಸ, ನಿಮ್ಮದಲ್ಲ. ಮಾಳಿಗೆಯ ಮೇಲಿನ ಪೆಟ್ಟಿಗೆಗೆ ಬಿಸಿಲು ತಾಗದಿರಲೆಂದು ಅಮ್ಮ ಹೊದಿಸಿರುವ ಗೋಣಿಚೀಲವನ್ನು ದಯವಿಟ್ಟು ತೆಗೆಸಿ, ಬಿಸಿಗಾಳಿ ಹೊರಹೋಗಲು ದಾರಿಯೇ ಇಲ್ಲದಂತಾಗಿದೆ. ನೆರಳು ಬೇಕಿದ್ದರೆ ನಾಲ್ಕಾರು ಅಡಿ ಮೇಲೆ ಶೀಟ್ ಹಾಕಿಸಬಹುದು. ಎ.ಸಿ.ಯಿಂದ ನೀರು ಇಳಿಯುವ ಪೈಪಿನ ತುದಿ ಬಕೆಟ್ಟಿನ ನೀರಿನೊಳಗೆ ಮುಳುಗಿರಬಾರದು. ಹೋದ ವರ್ಷ ಗೋಡೆಯ ಮೇಲೆ ನೀರು ಇಳಿದದ್ದು ಅದರಿಂದಲೇ ಇರಬೇಕೆಂದು ನನ್ನ ಅನುಮಾನ.

ಇಷ್ಟಾದ ಮೇಲೂ ಕೋಣೆ ತಂಪಾಗದಿದ್ದರೆ ಮೆಕ್ಯಾನಿಕ್‌ರನ್ನು ಕರೆಸಿ, ಆದರೆ ಸೋರಿಕೆ ಎಲ್ಲಿದೆ ಎಂದು ಮೊದಲು ತೋರಿಸಲು ಹೇಳಿ. ಕೊಳವೆಯ ನಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವುದನ್ನು ನೀವೇ ಕಣ್ಣಾರೆ ನೋಡಬಹುದು. ಅದನ್ನು ಸರಿಪಡಿಸಿ, ವ್ಯಾಕ್ಯೂಮ್ ಮಾಡಿ, ಅಂದರೆ ಕೊಳವೆಯೊಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಹೊರತೆಗೆದು, ಹೊರ ಪೆಟ್ಟಿಗೆಯ ಫಲಕದಲ್ಲಿ ಬರೆದಿರುವ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಿಟ್ಟು ತುಂಬಬೇಕು. ಆ ಫಲಕದ ಒಂದು ಫೋಟೋ ತೆಗೆದು ತಮ್ಮನ ಕೈಲಿ ನನಗೆ ಕಳುಹಿಸಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು