ವ್ಯಂಗ್ಯ ಬೇರೆ, ವಿಪರ್ಯಾಸ ಬೇರೆ: ಮಕ್ಕಳಿಗೆ ಬಿಡಿಸಿ ಹೇಳೋಣ

ಮಾನ್ಯ ಸಂಪಾದಕರೇ,

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹೋದ ತಿಂಗಳು ಕಿರುಪರೀಕ್ಷೆಯಲ್ಲಿ ಬಸವಣ್ಣನವರ ಕಲ್ಲನಾಗರದ ವಚನ ಕೊಟ್ಟು ಭಾವಾರ್ಥ ಬರೆಯಿರಿ ಎಂದಿದ್ದೆ. ಏಳನೆಯ ತರಗತಿಯ ಒಂಬತ್ತು ಮಕ್ಕಳು ಹೆಚ್ಚುಕಡಿಮೆ ಒಂದೇ ಉತ್ತರ ಬರೆದರು: 'ಕಲ್ಲಿನ ನಾಗಪ್ಪಗೆ ಹಾಲು ಎರೆಯಬೇಕು, ಖರೇ ಹಾವು ಕಂಡರೆ ಕೊಲ್ಲಬೇಕು ಎಂದು ಬಸವಣ್ಣನವರು ಹೇಳಿದ್ದಾರೆ.' ಅಕ್ಷರ ದುಂಡಗಿದ್ದವು, ಕಾಗುಣಿತದಲ್ಲಿ ತಪ್ಪಿರಲಿಲ್ಲ. ಅರ್ಥ ಮಾತ್ರ ತಲೆಕೆಳಗಾಗಿತ್ತು. ಬಸವನ ಬಾಗೇವಾಡಿ ಇರುವ ಜಿಲ್ಲೆಯ ಮಕ್ಕಳು ಹೀಗೆ ಬರೆದದ್ದು ನೋಡಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಕ್ಕಳನ್ನು ದೂರಲಾರೆ. ಪಂಚಮಿಗೆ ಅವ್ವನ ಜೊತೆ ಹೋಗಿ ಕಲ್ಲಿನ ನಾಗಪ್ಪಗೆ ಹಾಲು ಹಾಕಿ ಬಂದವರು ಅವರು. ಆ ವಚನದ ಕೀಲಿ 'ಎಂಬರು' ಎನ್ನುವ ಒಂದು ಪದದಲ್ಲಿದೆ. ಹಾಲೆರೆ ಎನ್ನುವವರು ಜನ, ಕೊಲ್ಲು ಎನ್ನುವವರೂ ಅದೇ ಜನ. ಬಸವಣ್ಣನವರು ಪಕ್ಕದಲ್ಲಿ ನಿಂತು ಆ ಎರಡು ಮಾತುಗಳನ್ನು ಎದುರುಬದುರು ಇಡುತ್ತಾರೆ, ಅಷ್ಟೆ. ಹಾಗೆ ಇಟ್ಟಾಗ ಹುಟ್ಟುವ ನೋವನ್ನು ಓದುವವರೇ ಕಂಡುಕೊಳ್ಳಬೇಕು. ಅದನ್ನು ಕಾಣುವುದು ಹೇಗೆಂದು ನಾವು ಕಲಿಸಿಲ್ಲ. 'ವ್ಯಂಗ್ಯ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗಿದ್ದೇವೆ.

ತೊಡಕು ಪದದಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಾವು ಎಲ್ಲಕ್ಕೂ ವ್ಯಂಗ್ಯ ಎಂಬ ಒಂದೇ ಹೆಸರು ಹೇಳುತ್ತೇವೆ. ಹಳೆಯ ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯವೆಂದರೆ ಧ್ವನಿ, ಅಂದರೆ ಮಾತಿನ ಹಿಂದೆ ಹೊಳೆಯುವ ಅರ್ಥ. ಇಂದಿನ ಮಾತಿನಲ್ಲಿ ಅದು ಚುಚ್ಚುಮಾತಿನ ಹತ್ತಿರ ಬಂದು ನಿಂತಿದೆ. ಮಕ್ಕಳಿಗಂತೂ ಅದು ಅಣಕ, ಯಾರನ್ನೋ ನಗೆಪಾಟಲು ಮಾಡುವುದು. ಕಲ್ಲನಾಗರದ ವಚನದಲ್ಲಿ ನಗುವಂಥದ್ದು ಏನೂ ಕಾಣದಿದ್ದಾಗ, ಇಲ್ಲಿ ವ್ಯಂಗ್ಯವಿಲ್ಲ ಎಂದೇ ಅವರು ತಿಳಿಯುತ್ತಾರೆ. ಅದಕ್ಕೆ ಈಗ ನಾನು ತರಗತಿಯಲ್ಲಿ ಮೂರು ಹೆಸರು ಬಳಸುತ್ತೇನೆ. ಹೇಳಿದ್ದೊಂದು, ಮನಸ್ಸಿನಲ್ಲಿದ್ದದ್ದು ಅದಕ್ಕೆ ಎದುರು: ಇದು ಮಾತಿನ ವ್ಯಂಗ್ಯ. ಆಗಬೇಕಾದದ್ದೊಂದು, ಆದದ್ದು ಅದಕ್ಕೆ ತೀರ ಉಲ್ಟಾ: ಇದು ವಿಪರ್ಯಾಸ. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿದ್ದರೆ ನಾಟಕದ ವ್ಯಂಗ್ಯ. ಮೂರನ್ನೂ ಗುರುತಿಸಲು 'ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ?' ಎಂಬ ಒಂದು ಪ್ರಶ್ನೆ ಎಷ್ಟು ಸಹಾಯ ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮಾತಿನ ವ್ಯಂಗ್ಯ ನಮ್ಮ ಮಕ್ಕಳಿಗೆ ಹೊಸದಲ್ಲ. ಕೈಯಲ್ಲಿದ್ದ ಹಾಲಿನ ತಂಬಿಗೆ ಚೆಲ್ಲಿದಾಗ 'ಭಾಳ ಶಾಣ್ಯಾ ಆಗೀ ಬಿಡಪಾ' ಎಂದು ಅಜ್ಜಿ ಅಂದರೆ, ಆರು ವರ್ಷದ ಕೂಸಿಗೂ ಅದು ಹೊಗಳಿಕೆಯಲ್ಲ ಎಂದು ತಿಳಿಯುತ್ತದೆ. ಅಲ್ಲಿ ಅಜ್ಜಿಯ ದನಿಯಿದೆ, ಮುಖವಿದೆ, ನೆಲದ ಮೇಲೆ ಚೆಲ್ಲಿದ ಹಾಲೂ ಇದೆ. ನಮ್ಮ ಹಿಂದಿನವರು ದನಿಯ ಈ ತಿರುವನ್ನು ಕಾಕು ಎಂದು ಕರೆದರು. ಪುಸ್ತಕದ ಹಾಳೆಗೆ ದನಿಯಿಲ್ಲ. ಹಾಗಾಗಿ ಅನುಮಾನ ಬಂದ ಸಾಲನ್ನು ಮಕ್ಕಳಿಂದ ಎರಡು ಸಲ ಗಟ್ಟಿಯಾಗಿ ಓದಿಸುತ್ತೇನೆ: ಒಮ್ಮೆ ನಂಬಿ ಹೇಳುವ ಹಾಗೆ, ಇನ್ನೊಮ್ಮೆ ನಂಬದೆ ಹೇಳುವ ಹಾಗೆ. ಸುತ್ತಲಿನ ಸಾಲುಗಳಿಗೆ ಯಾವ ದನಿ ಕೂಡುತ್ತದೆ ಎಂದು ಅವರೇ ಆರಿಸುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಲೆಕ್ಕ ತಪ್ಪಿದ್ದಕ್ಕೆ ಶಿಕ್ಷಕರೊಬ್ಬರು ಎಲ್ಲರ ಮುಂದೆ 'ಬಾರವ್ವಾ ಸರಸ್ವತಿ, ನೀನೇ ಪಾಠ ಮಾಡು' ಎಂದರು. ಉಳಿದವರು ನಕ್ಕರು. ನಾನು ಅದನ್ನು ಖರೇ ಎಂದೇ ತಿಳಿದೆ. ಸಂಜೆ ಓಡಿ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹಿಗ್ಗಿನಿಂದ ಹೇಳಿದೆ. ಅವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ಆ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವ್ವನ ಮೌನದ ಅರ್ಥವೂ ಆಗಲೇ ತಿಳಿಯಿತು. ಶಿಕ್ಷಕರು ಆಡಿದ್ದು ಮಾತಿನ ವ್ಯಂಗ್ಯ. ಒಲೆಯ ಮುಂದೆ ನಡೆದದ್ದು ನಾಟಕದ ವ್ಯಂಗ್ಯ: ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹನ್ನೆರಡು ಹದಿಮೂರರ ಮಗುವಿನ ಮೇಲೆ ಇಂಥ ಮಾತು ಆಡಬಾರದು ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾಟಕದ ವ್ಯಂಗ್ಯಕ್ಕೆ ನಮ್ಮ ಭಾಗದ ಹಾಡುಗಳಿಗಿಂತ ಒಳ್ಳೆಯ ಪಾಠವಿಲ್ಲ. 'ಕೆರೆಗೆ ಹಾರ'ವನ್ನು ನೆನೆಯಿರಿ. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡಲು ಅತ್ತೆಮಾವ ನಿಶ್ಚಯಿಸಿದ್ದಾರೆ. ಅವಳು ತವರಿಗೆ ಹೋಗುತ್ತಾಳೆ. ಯಾಕೆ ಮುಖ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆಮಾವ ನನ್ನನ್ನು 'ಬ್ಯಾರೆ ಇಡತಾರಂತ' ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಎಂದು ಅಪ್ಪ ಧೈರ್ಯ ಹೇಳುತ್ತಾನೆ. ಬೇರೆ ಸಂಸಾರ ಹೂಡುವ ಮಾತು ಎಂದು ಅಪ್ಪ ತಿಳಿದಿದ್ದಾನೆ. ಅದು ಎಂಥ 'ಬೇರೆ' ಎಂದು ಮಗಳಿಗೆ ಗೊತ್ತು, ಕೇಳುವ ನಮಗೆ ಗೊತ್ತು. ಅಪ್ಪನ ಪ್ರೀತಿ ಹೆಚ್ಚಿದಷ್ಟೂ ನಮ್ಮ ಹೊಟ್ಟೆಯಲ್ಲಿ ಸಂಕಟ ಹೆಚ್ಚುತ್ತದೆ. ನಾನು ತರಗತಿಯಲ್ಲಿ ಈ ಭಾಗ ಓದುವಾಗ, ಹಿಂದಿನ ಸಾಲಿನ ಹುಡುಗನೊಬ್ಬ 'ಅಕ್ಕೋರ, ಅವರಪ್ಪಗ ಯಾರರ ಹೇಳಬೇಕಿತ್ತರೀ' ಎಂದು ಎದ್ದು ನಿಂತ. ವ್ಯಾಖ್ಯೆ ಬರೆಸುವ ಮೊದಲೇ ಅವನಿಗೆ ಪಾಠ ಮುಟ್ಟಿತ್ತು.

ಹಬ್ಬಕ್ಕೆ ತಂದ ಹರಕೆಯ ಕುರಿಯ ವಚನವೂ ಹಾಗೆಯೇ. ತನ್ನನ್ನು ಕೊಲ್ಲುತ್ತಾರೆ ಎಂದರಿಯದ ಕುರಿ, ಅದೇ ಹಬ್ಬದ ತೋರಣಕ್ಕೆ ತಂದ ತಳಿರನ್ನು ಮೇಯುತ್ತದೆ. ಕುರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇಲ್ಲಿಗೇ ನಿಲ್ಲಿಸಿದರೆ ಅರ್ಧ ಪಾಠ. ಕೊಂದವರು ಉಳಿದರೇ ಎಂದು ಬಸವಣ್ಣನವರು ಕೊನೆಗೆ ಕೇಳುತ್ತಾರೆ. ಕುರಿಗಿಂತ ಹೆಚ್ಚು ತಿಳಿದವರು ಎಂದುಕೊಂಡಿದ್ದ ನಾವು ಆ ಒಂದು ಪ್ರಶ್ನೆಯಲ್ಲಿ ಕುರಿಯ ಪಕ್ಕಕ್ಕೇ ಬಂದು ನಿಲ್ಲುತ್ತೇವೆ. ಎಂಟನೆಯ ತರಗತಿಯ ಮಕ್ಕಳು ಇದನ್ನು ಹಿಡಿಯಬಲ್ಲರು. ಸ್ವಲ್ಪ ಹೊತ್ತು ಕೊಡಬೇಕು, ಉತ್ತರವನ್ನು ನಾವೇ ಹೇಳಿಬಿಡಬಾರದು.

ಇನ್ನು ವಿಪರ್ಯಾಸದ ಮಾತು. ಈ ವಿಷಯದಲ್ಲಿ ತಮ್ಮಲ್ಲೂ ಒಂದು ಬಿನ್ನಹವಿದೆ. 'ವಿಪರ್ಯಾಸವೆಂದರೆ' ಎಂಬ ಪದ ಪತ್ರಿಕೆಗಳ ಸುದ್ದಿಯಲ್ಲಿ ಎಲ್ಲೆಂದರಲ್ಲಿ ಬರುತ್ತದೆ. ಬಸ್ಸು ತಪ್ಪಿದ್ದು, ಜಾತ್ರೆಯ ದಿನ ಮಳೆ ಬಂದದ್ದು, ಇಬ್ಬರು ಒಂದೇ ದಿನ ತೀರಿಕೊಂಡದ್ದು ಎಲ್ಲವೂ ವಿಪರ್ಯಾಸವಾಗಿಬಿಟ್ಟಿವೆ. ಇವು ದುರದೃಷ್ಟ, ಅಥವಾ ಕಾಕತಾಳೀಯ. ವಿಪರ್ಯಾಸಕ್ಕೆ ಉದ್ದೇಶ ಮತ್ತು ಫಲ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲಬೇಕು. ನಾನು ಮಕ್ಕಳನ್ನು ವಿಜಯಪುರದ ಬಾರಾ ಕಮಾನಿಗೆ ಕರೆದೊಯ್ದು ತೋರಿಸುತ್ತೇನೆ. ಗೋಳಗುಮ್ಮಟವನ್ನೂ ಮೀರಿಸಬೇಕೆಂದು ಎರಡನೆಯ ಅಲಿ ಆದಿಲ್ ಶಾಹ ತನಗಾಗಿ ಶುರುಮಾಡಿಸಿದ ಸಮಾಧಿ ಅದು. 1672ರಲ್ಲಿ ಅವನು ತೀರಿಕೊಂಡ. ಕಟ್ಟಡ ಕಮಾನುಗಳಿಂದ ಮೇಲೇಳಲೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಗುಮ್ಮಟದ ಕನಸು ಕಂಡವನ ಗೋರಿಗೆ ಇಂದು ಆಕಾಶವೇ ಮಾಳಿಗೆ. ಇದು ವಿಪರ್ಯಾಸ. ಅಂದು ನಮ್ಮ ಮಕ್ಕಳಿಗೆ ಬಿಸಿಲು ಹತ್ತಿದ್ದು ವಿಪರ್ಯಾಸವಲ್ಲ. ಊರಿಗೆ ಮರಳುವಾಗ ಒಬ್ಬ ಹುಡುಗಿ, 'ನಮ್ಮದು ಐದು ಹೊಳಿ ನಾಡು ಅಂತಾರ, ನಾವು ಕೊಡ ಹಿಡಕೊಂಡು ಪಾಳಿ ಹಚ್ಚತೀವಿ, ಇದು?' ಎಂದು ಕೇಳಿದಳು. 1997ರಲ್ಲಿ ಬಾಗಲಕೋಟೆ ಬೇರೆಯಾಗುವ ಮೊದಲಿನ ಜಿಲ್ಲೆಯನ್ನು ಕೃಷ್ಣಾ, ಭೀಮಾ, ಡೋಣಿ, ಘಟಪ್ರಭಾ, ಮಲಪ್ರಭಾ ಹರಿಯುವ ಪಂಚನದಿಗಳ ನಾಡು ಎಂದೇ ಕರೆಯುತ್ತಿದ್ದರು. ಬರಗಾಲಕ್ಕೂ ಅದೇ ಜಿಲ್ಲೆಯ ಹೆಸರು ಹೇಳುತ್ತಿದ್ದರು. ಅವಳ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಮುಧೋಳದ ರನ್ನನ ದುರ್ಯೋಧನ ನೀರಿನೊಳಗಿದ್ದೂ ಬೆವರುವುದನ್ನು ಹಲವು ಶಿಕ್ಷಕರು ವ್ಯಂಗ್ಯದ ಉದಾಹರಣೆಯಾಗಿ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಭೀಮನ ಗರ್ಜನೆ ಕೇಳಿ ಸಿಟ್ಟಿನಿಂದ ಬೆವರುವುದು ಮೇಲ್ನೋಟಕ್ಕೆ ವಿರೋಧದಂತೆ ಕಾಣುವ ಸೊಗಸಾದ ಚಿತ್ರ. ಅಲ್ಲಿನ ವಿಪರ್ಯಾಸ ಅದರ ಮುಂದಿದೆ: ಜೀವ ಉಳಿಸಿಕೊಳ್ಳಲು ಅಡಗಿದವನನ್ನು ಅವನ ಅಭಿಮಾನವೇ ದಡಕ್ಕೆ, ಗದೆಯ ಮುಂದಕ್ಕೆ ತಂದು ನಿಲ್ಲಿಸುತ್ತದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ. 'ವ್ಯಂಗ್ಯ ಎಂದರೇನು?' ಎಂಬ ಪ್ರಶ್ನೆಯನ್ನು ಬಿಡಿ. ಮಕ್ಕಳು ಮೊದಲು ನೋಡದ ನಾಲ್ಕು ಸಾಲು ಕೊಟ್ಟು, ಈ ಮಾತು ಯಾರದು, ಹೇಳಿದವರ ಮನಸ್ಸಿನಲ್ಲಿ ಏನಿದೆ, ಯಾರಿಗೆ ಏನು ಗೊತ್ತಿಲ್ಲ ಎಂದು ಕೇಳಿ. ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಮ್ಮೆ ಇಂಥ ಒಂದು ತುಣುಕು ಅಚ್ಚು ಮಾಡಿದರೆ, ನಮ್ಮ ಶಾಲೆಯ ಮಕ್ಕಳು ಉತ್ತರ ಬರೆದು ಕಳಿಸುತ್ತಾರೆ. ಮೊದಲ ವಾರಕ್ಕೆ ಭಾಗೀರತಿ ಅಪ್ಪನ ಮುಂದೆ ನಿಂತ ಸಾಲುಗಳಿರಲಿ ಎಂದು ಅವರೇ ಆರಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ