ಬೇಸಿಗೆ ಶಿಬಿರಕ್ಕೆ ಮಧ್ಯಾಹ್ನದ ಊಟವೂ ಸೇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ನಿಮ್ಮ ಪತ್ರಿಕೆ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬರುತ್ತದೆ. ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ ಅಲ್ಲಿ ಸ್ವಲ್ಪ ಹೊತ್ತು ಕೂತು ಓದಿ ಮನೆಗೆ ಹೋಗುತ್ತೇನೆ. ಶಿವರಾತ್ರಿ ಕಳೆದ ಮೇಲೆ ಪತ್ರಿಕೆಯಲ್ಲಿ ಬೇಸಿಗೆ ಶಿಬಿರದ ಜಾಹೀರಾತುಗಳು ಶುರುವಾಗಿವೆ. ಚಿತ್ರಕಲೆ, ಈಜು, ಅಬಾಕಸ್, ನಾಟಕ ಎಲ್ಲವೂ ಇವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಫೋಟೋಗಳನ್ನೂ ಬೇರೆ ವರ್ಷಗಳಲ್ಲಿ ನಿಮ್ಮಲ್ಲೇ ನೋಡಿದ್ದೇನೆ. ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಕುಣಿಯುವುದು ನೋಡಿದರೆ ಸಂತೋಷ ಆಗುತ್ತದೆ. ಹಳ್ಳಿ ಮಕ್ಕಳ ರಜೆಯ ಬಗ್ಗೆಯೂ ನಾಲ್ಕು ಮಾತು ಬರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ಬೇಸಿಗೆ ಶಿಬಿರವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಬೋರ್ಡು ಹಾಕಿದ್ದಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಚಿನ ಬೇಸಿಗೆಗಳಲ್ಲಿ ಅಲ್ಲೇ ಮಕ್ಕಳ ಶಿಬಿರಗಳನ್ನೂ ಮಾಡುತ್ತಿದ್ದಾರೆ. ನಮ್ಮೂರ ಗ್ರಂಥಾಲಯದ ಮೇಡಂ ಮನಸ್ಸಿಟ್ಟು ಮಾಡುತ್ತಾರೆ. ಕಾಗದದಲ್ಲಿ ಗೊಂಬೆ ಮಾಡಿಸುತ್ತಾರೆ, ಕಥೆ ಓದಿಸುತ್ತಾರೆ, ಲೆಕ್ಕದ ಆಟ ಆಡಿಸುತ್ತಾರೆ. ಓದಿನಲ್ಲಿ ಹಿಂದೆ ಬಿದ್ದ ಹುಡುಗರೂ ಅಲ್ಲಿ ಬಾಯಿ ಬಿಟ್ಟು ಓದುವುದನ್ನು ನಾನೇ ಕಿಟಕಿಯಲ್ಲಿ ನಿಂತು ನೋಡಿದ್ದೇನೆ.

ತೊಂದರೆ ಇರುವುದು ಎರಡು ಕಡೆ. ಶಿಬಿರ ಕೆಲವೇ ದಿನ ನಡೆಯುತ್ತದೆ. ಅದೂ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಒಂದು ಗಂಟೆಗೆ ಮುಗಿಯುತ್ತದೆ. ಮಧುಗಿರಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆಗೆ ಮಕ್ಕಳನ್ನು ಮನೆಗೆ ಕಳಿಸಿದರೆ ಮನೆಯಲ್ಲಿ ಯಾರಿರುತ್ತಾರೆ?

ಇದು ಹುಣಸೆಹಣ್ಣಿನ ಕಾಲ. ನಮ್ಮ ಕಡೆ ಫೆಬ್ರುವರಿಯಿಂದ ಬೇಸಿಗೆ ಪೂರ್ತಿ ಹೆಂಗಸರಿಗೆ ಅದೇ ಕೆಲಸ. ಮರ ಗುತ್ತಿಗೆ ಹಿಡಿದವರು ಹಣ್ಣು ಉದುರಿಸಿ ತಂದು ರಾಶಿ ಹಾಕುತ್ತಾರೆ. ಅದರ ಓಡು ಬಿಡಿಸಬೇಕು, ನಾರು ತೆಗೆಯಬೇಕು, ಕುಟ್ಟಿ ಬೀಜ ಬೇರೆ ಮಾಡಬೇಕು. ಕೂಲಿ ಕೊಡುವುದು ಕೆಜಿ ಲೆಕ್ಕದಲ್ಲಿ. ಹಾಗಾಗಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ತೂಕ ಸ್ವಲ್ಪ ಜಾಸ್ತಿ ಆಗುತ್ತದೆ. ಕುಟ್ಟುವಾಗ ಬೆರಳು ಜಜ್ಜಿಕೊಂಡ ಮಕ್ಕಳನ್ನು ಜೂನ್ ಮೊದಲ ವಾರ ಊಟಕ್ಕೆ ಕೂತಾಗ ನೋಡುತ್ತೇನೆ. ಅನ್ನ ಕಲಸಲು ಕಷ್ಟಪಡುತ್ತಾರೆ. ಆ ತಾಯಂದಿರನ್ನು ನಾನು ಬೈಯುವುದಿಲ್ಲ. ಏಪ್ರಿಲ್, ಮೇನಲ್ಲಿ ನಾನೂ ಅದೇ ರಾಶಿಯ ಮುಂದೆ ಕೂತಿರುತ್ತೇನೆ. ಅಡುಗೆಯವರ ಗೌರವಧನದ ಲೆಕ್ಕ ವರ್ಷಕ್ಕೆ 10 ತಿಂಗಳದು. ರಜೆಯಲ್ಲಿ ನಮಗೂ ಮನೆ ನಡೆಯಬೇಕಲ್ವಾ?

ಕೂಲಿಗೆ ಕರೆದುಕೊಂಡು ಹೋಗದಿದ್ದರೆ ಮಕ್ಕಳು ಊರಲ್ಲಿ ಸುತ್ತುತ್ತಾರೆ. ಇದು ನನಗೆ ಅದಕ್ಕಿಂತ ದೊಡ್ಡ ಭಯ. ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ರೈತರಿಗೆ ಅದರಿಂದ ತುಂಬಾ ಉಪಕಾರ ಆಗಿದೆ, ನಾನು ಇಲ್ಲ ಅನ್ನಲ್ಲ. ಆದರೆ ನೀರು ಇಂಗದ ಹಾಗೆ ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಕಾಲಿಗೆ ಹಿಡಿತವೇ ಸಿಗುವುದಿಲ್ಲ. ಈಜು ಬಂದವರೂ ದಡ ಹತ್ತಲಾರರು. ಬೇಲಿ ಹಾಕಿದ ಹೊಂಡ ಕಡಿಮೆ. ಪ್ರತಿ ಬೇಸಿಗೆಯಲ್ಲಿ ಹೊಂಡ, ಕೆರೆ, ಕಲ್ಲು ಕ್ವಾರಿಗೆ ಬಿದ್ದು ಮಕ್ಕಳು ಹೋದ ಸುದ್ದಿಯನ್ನು ನೀವೇ ಅಚ್ಚು ಹಾಕುತ್ತೀರಿ. ಆ ಸುದ್ದಿಗಳಲ್ಲಿ ಸಮಯ ನೋಡಿ. ಮಧ್ಯಾಹ್ನದ ಹೊತ್ತು, ದೊಡ್ಡವರು ಕೂಲಿಗೆ ಹೋದ ಹೊತ್ತು ಅಂತಲೇ ಎಷ್ಟೋ ಸಲ ಇರುತ್ತದೆ. ಶಿಬಿರ ಮುಗಿದು ಸಾಯಂಕಾಲದವರೆಗಿನ ಆ ಮೂರು ನಾಲ್ಕು ಗಂಟೆಗೆ ಯಾರೂ ಜವಾಬ್ದಾರಿ ತೆಗೆದುಕೊಂಡಿಲ್ಲ.

ಇನ್ನು ಊಟದ ವಿಷಯಕ್ಕೆ ಬರುತ್ತೇನೆ. ನಾನು ಬಲ್ಲೆ ಅಂತ ಧೈರ್ಯವಾಗಿ ಹೇಳಬಹುದಾದ ವಿಷಯ ಇದು.

2024ರಲ್ಲಿ ರಾಜ್ಯದ 223 ತಾಲ್ಲೂಕು ಬರ ಪಟ್ಟಿಯಲ್ಲಿದ್ದವು. ಆ ವರ್ಷ ಏಪ್ರಿಲ್ 11ರಿಂದ ಮೇ 28ರವರೆಗೆ, ರಜೆಯಲ್ಲೂ ಬಿಸಿಯೂಟ ಕೊಡಬೇಕು ಎಂದು ಸರ್ಕಾರ ಹೇಳಿತು. ಇದು ಹೊಸದಾಗಿ ಬಂದ ದಯೆ ಅಲ್ಲ. ನಮ್ಮ ಅಡುಗೆಯವರ ಸಭೆಯಲ್ಲಿ ಹೇಳಿದ್ದರು, 2004ರ ಏಪ್ರಿಲ್ 20ರಂದೇ ಸುಪ್ರೀಂ ಕೋರ್ಟು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಕೊಡಬೇಕು ಎಂದು ಆದೇಶ ಮಾಡಿದೆ. ಅಂತೂ ನಾವು ಒಲೆ ಹಚ್ಚಿದೆವು. ಅನ್ನ ಸಾಂಬಾರು ಸಿದ್ಧ. ಮಕ್ಕಳು ಮಾತ್ರ ಬರಲಿಲ್ಲ. ಮೊದಲ ದಿನಗಳಲ್ಲಿ ಶಾಲೆಯ ಪಕ್ಕದ ಬೀದಿಯವರು ಮಾತ್ರ ಬಂದರು. ಹಟ್ಟಿಯಿಂದ, ಕಾಲೊನಿಯಿಂದ ನಡೆದು ಬರಬೇಕಾದವರು ಬರಲೇ ಇಲ್ಲ. ಆಗ ಕೆಲವರು "ನೋಡಿ, ಹಳ್ಳಿಯಲ್ಲಿ ಹಸಿವು ಎಲ್ಲಿದೆ, ಸುಮ್ನೆ ಅಕ್ಕಿ ದಂಡ" ಅಂದರು. ನನಗೆ ಆ ಮಾತು ಇವತ್ತಿಗೂ ಬೇಸರ. ಹತ್ತು ವರ್ಷದ ಮಗು ಒಂದು ತಟ್ಟೆ ಅನ್ನ ಉಣ್ಣುವುದಕ್ಕೋಸ್ಕರ ಮಾತ್ರ ನೆತ್ತಿ ಸುಡುವ ಬಿಸಿಲಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಬಂದು, ಉಂಡು, ಅದೇ ಬಿಸಿಲಲ್ಲಿ ವಾಪಸ್ ನಡೆಯಬೇಕಾ? ಊಟ ಮುಗಿದ ತಕ್ಷಣ ಗೇಟು ಹಾಕುತ್ತಿದ್ದರು. ಅಲ್ಲಿ ಇನ್ನೇನೂ ಇರಲಿಲ್ಲ.

ಆಮೇಲೆ ಗ್ರಂಥಾಲಯದ ಮೇಡಂ ಮತ್ತು ನಾವು ಮಾತಾಡಿಕೊಂಡೆವು. ಅವರ ಶಿಬಿರಕ್ಕೆ ಬಂದ ಮಕ್ಕಳನ್ನು ಅವರೇ ಸಾಲಾಗಿ ಕರೆದುಕೊಂಡು ಊಟಕ್ಕೆ ಬಂದರು. ಉಂಡ ಮೇಲೆ ಶಾಲೆಯ ಜಗಲಿಯಲ್ಲೇ ಮಕ್ಕಳು ಉಳಿದರು. ಒಬ್ಬ ಅಜ್ಜಿ ಮನೆಯಿಂದ ಅಳಿಗುಳಿ ಮಣೆ ತಂದು ಹುಣಸೆಬೀಜ ಹಾಕಿ ಆಡಲು ಕಲಿಸಿದರು. ಇನ್ನೊಬ್ಬರು ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದರು. ಮೊಬೈಲ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ ಅಂತ ನಾವು ಬೈಯುವ ಹುಡುಗರೇ ಸಂಜೆವರೆಗೆ ಎದ್ದು ಹೋಗಲಿಲ್ಲ. ಊಟಕ್ಕೆ ಬರುವ ಮಕ್ಕಳ ಸಂಖ್ಯೆ ಆ ದಿನಗಳಲ್ಲಿ ಕಣ್ಣಿಗೆ ಕಾಣುವಷ್ಟು ಏರಿತು. ಶಿಬಿರಕ್ಕೂ ಜಾಸ್ತಿ ಮಕ್ಕಳು ಬಂದರು. ಮೊದಲು ಹತ್ತು ಗಂಟೆಗೆ ಬಂದು ಹನ್ನೊಂದೂವರೆಗೆ ಹೊಟ್ಟೆ ಹಸಿದು ಓಡಿಹೋಗುತ್ತಿದ್ದವರು ಕೊನೆವರೆಗೆ ಕೂತರು.

ಒಂದು ದಿನ ಸಂಜೆ ಹಟ್ಟಿಯ ಹಿರಿಯರೊಬ್ಬರು ಗಣೆ ತಂದರು. ನಮ್ಮ ಜಿಲ್ಲೆಯ ಕಾಡುಗೊಲ್ಲರು ತಮ್ಮ ದೇವರು ಜುಂಜಪ್ಪನ ಕಥೆ ಹಾಡುವಾಗ ಊದುವ ಉದ್ದನೆ ಬಿದಿರಿನ ಕೊಳಲು ಅದು. ಕೂಲಿ ಮುಗಿಸಿ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರು, ಕೈಯಲ್ಲಿ ಇನ್ನೂ ಹುಣಸೆ ಅಂಟು ಇತ್ತು, ಹಾಗೇ ಕೂತುಬಿಟ್ಟರು. ಒಂದಿಬ್ಬರು ಅಪ್ಪಂದಿರು ಬೈಕ್ ನಿಲ್ಲಿಸಿ ಕೇಳಿದರು. ಪಟ್ಟಣದ ಶಿಬಿರಗಳಲ್ಲಿ ಜನಪದ ಕಲೆ ಹೇಳಿಕೊಡಲು ದುಡ್ಡು ಕೊಟ್ಟು ಕಲಾವಿದರನ್ನು ಕರೆಸುತ್ತಾರೆ. ನಮ್ಮಲ್ಲಿ ಅವರು ಮೂರನೇ ಬೀದಿಯಲ್ಲೇ ಇದ್ದಾರೆ. ಕೋಲಾಟದ ಪದ ಹೇಳುವವರಿದ್ದಾರೆ, ಸೋಬಾನೆ ಹೇಳುವವರಿದ್ದಾರೆ, ಬೀಜ ಕಟ್ಟಿಡುವುದು ಗೊತ್ತಿರುವವರಿದ್ದಾರೆ. ಅವರನ್ನು ಕೂರಿಸಿ ಮಕ್ಕಳು ಕೇಳುವ ಹಾಗೆ ಮಾಡಲು ಒಂದು ಜಾಗ, ಒಂದು ಹೊತ್ತು ಬೇಕು ಅಷ್ಟೇ. ಅವರಿಗೆ ಒಂದು ಸಣ್ಣ ಗೌರವ ಸಂಭಾವನೆ ಪಂಚಾಯಿತಿ ಕೊಡಲೇಬೇಕು. ಬಡವರ ವಿದ್ಯೆ ಅಂತ ಪುಕ್ಕಟೆ ತೆಗೆದುಕೊಳ್ಳಬಾರದು.

ಅದಾದ ಮೇಲಿನ ಬೇಸಿಗೆಯಲ್ಲಿ ಬರ ಇಲ್ಲ ಅಂದರು. ನಮ್ಮಲ್ಲಿ ಅಡುಗೆಮನೆಗೆ ಬೀಗ ಬಿತ್ತು. ಶಿಬಿರ ಗ್ರಂಥಾಲಯದಲ್ಲಿ ನಡೆಯಿತು, ಆದರೆ ಒಂದು ಗಂಟೆಗೆ ಮುಗಿಯಿತು. ಒಂದು ಗೋಡೆ ಆಚೆ ಒಲೆ, ಸಿಲಿಂಡರ್, ತಟ್ಟೆ ಲೋಟ ಎಲ್ಲ ಒಳಗೇ ಇದ್ದವು. ನಾನು ಒಬ್ಬ ಅಧಿಕಾರಿಯನ್ನು ಕೇಳಿದೆ. "ಶಾಲೆ ಒಂದು ಇಲಾಖೆ, ಗ್ರಂಥಾಲಯ ಇನ್ನೊಂದು ಇಲಾಖೆ, ಆಗಲ್ಲಮ್ಮ" ಅಂದರು. ಮಕ್ಕಳು ಎರಡೂ ಕಡೆ ಅವೇ ಮಕ್ಕಳು ಸಾರ್.

ಖರ್ಚಿನ ಮಾತು ಬಂದೇ ಬರುತ್ತದೆ. ಅದಕ್ಕೆ ಲೆಕ್ಕ ಕೊಡುತ್ತೇನೆ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಕ್ಕಿ ಬೇರೆಯಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಇವಕ್ಕೆ ಮಗುವಿಗೆ 6 ರೂಪಾಯಿ 78 ಪೈಸೆ ಎಂದು 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರ ನಿಗದಿ ಮಾಡಿದೆ. 6ರಿಂದ 8ನೇ ತರಗತಿಗೆ 10 ರೂಪಾಯಿ 17 ಪೈಸೆ. ಶಿಬಿರಕ್ಕೆ 40 ಚಿಕ್ಕ ಮಕ್ಕಳು ಬಂದರು ಅಂದುಕೊಳ್ಳಿ. ದಿನಕ್ಕೆ 4 ಕೆಜಿ ಅಕ್ಕಿ, 271 ರೂಪಾಯಿ ಸಾಮಾನು. ಭಾನುವಾರ ಬಿಟ್ಟು ರಜೆ ಪೂರ್ತಿ ಮಾಡಿದರೂ 11 ಸಾವಿರ ರೂಪಾಯಿ ಚಿಲ್ಲರೆ. ಇದರ ಮೇಲೆ ಅಡುಗೆಯವರಿಗೆ ಆ ದಿನಗಳ ಗೌರವಧನ. ಅದನ್ನು ನಾನು ಸಂಕೋಚ ಇಲ್ಲದೆ ಕೇಳುತ್ತೇನೆ. ಕೆಲಸ ಮಾಡಿದರೆ ಕೂಲಿ ಕೊಡಬೇಕು. ಊರಿನ ಜಾತ್ರೆಗೆ ಒಂದು ರಾತ್ರಿಯ ಆರ್ಕೆಸ್ಟ್ರಾಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಖರ್ಚಾಗುತ್ತದೆ, ಆಗಲಿ, ಬೇಡ ಅನ್ನುವುದಿಲ್ಲ. ಗ್ರಂಥಾಲಯಕ್ಕೂ ದುಡ್ಡಿನ ದಾರಿ ಇದೆ. ನಾವು ಕಟ್ಟುವ ಮನೆ ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಸೇರಿರುತ್ತದೆ. ಅದು ನಮ್ಮ ದುಡ್ಡೇ.

ಮೇಷ್ಟ್ರುಗಳ ಕಷ್ಟವನ್ನೂ ಹೇಳಬೇಕು. 2024ರಲ್ಲಿ ರಜೆ ಬಿಟ್ಟು ಬಿಸಿಯೂಟ ನೋಡಿಕೊಳ್ಳಬೇಕಾಯಿತು ಅಂತ ಅವರಿಗೆ ಬೇಸರ ಇತ್ತು. ನ್ಯಾಯವೇ. ವರ್ಷವೆಲ್ಲ ಪಾಠದ ಜೊತೆಗೆ ಗಣತಿ, ಚುನಾವಣೆ ಕೆಲಸ ಅವರ ತಲೆ ಮೇಲೆ ಇರುತ್ತದೆ. ರಜೆಯಲ್ಲಿ ಅವರನ್ನು ಕರೆಯಬೇಕಿಲ್ಲ. ಗ್ರಂಥಾಲಯದ ಮೇಡಂ ಹಾಜರಿ ತೆಗೆದುಕೊಳ್ಳಲಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಇಬ್ಬರು ತಾಯಂದಿರು ದಿನಾ ರುಚಿ ನೋಡಿ ಸಹಿ ಹಾಕಲಿ. ಸ್ತ್ರೀಶಕ್ತಿ ಸಂಘದವರು ಸರದಿ ಮೇಲೆ ಮಧ್ಯಾಹ್ನ ಮಕ್ಕಳ ಜೊತೆ ಕೂರಲಿ. ಈಗ ದಾಸ್ತಾನು ಕೋಣೆಯ ಬೀಗದ ಕೈ ಮತ್ತು ಸ್ಟಾಕ್ ಪುಸ್ತಕ ಮುಖ್ಯ ಶಿಕ್ಷಕರ ಜವಾಬ್ದಾರಿ. ಒಂದು ಮೂಟೆ ಕಡಿಮೆ ಬಂದರೆ ಅವರೇ ಉತ್ತರ ಕೊಡಬೇಕು. ಅದಕ್ಕೇ ಯಾರೂ ಬೀಗ ತೆಗೆಯಲು ಒಪ್ಪುವುದಿಲ್ಲ. ರಜೆಗೆ ಮುಂಚೆ ತೂಕ ಮಾಡಿ, ಬರೆದು, ಶಿಬಿರ ನಡೆಸುವವರ ಕೈಗೆ ವಹಿಸಿದರೆ ಯಾರ ಮೇಲೂ ಅಪವಾದ ಬರುವುದಿಲ್ಲ. ಎರಡು ತಿಂಗಳು ಮುಚ್ಚಿದ ಕೋಣೆಯಲ್ಲಿ ಉಳಿದ ಅಕ್ಕಿಗೆ ಹುಳ ಹಿಡಿಯುವುದೂ ತಪ್ಪುತ್ತದೆ. ಜೂನ್‌ನಲ್ಲಿ ಆ ಅಕ್ಕಿ ಕೇರಿ ಕೇರಿ ನಮ್ಮ ಕಣ್ಣು ಹೋಗುತ್ತವೆ.

ನೀರಿನದು ನಿಜವಾದ ಸಮಸ್ಯೆ. ಮೇ ತಿಂಗಳಲ್ಲಿ ಬೋರ್‌ವೆಲ್ ಕೈಕೊಡುತ್ತದೆ. ಊರಿಗೆ ಟ್ಯಾಂಕರ್ ಬರುವಾಗ ಶಾಲೆಯ ಸಿಂಟೆಕ್ಸಿಗೂ ಬಿಡಿ ಅಂತ ಪಂಚಾಯಿತಿ ಹೇಳಬೇಕು. ಕೈ ತೊಳೆಯಲು, ತಟ್ಟೆ ತೊಳೆಯಲು ನೀರಿಲ್ಲದೆ ಊಟ ಬಡಿಸಲು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು ದೊಡ್ಡ ಹೆಣ್ಣುಮಕ್ಕಳ ಬಗ್ಗೆ. ಆರನೇ, ಏಳನೇ ತರಗತಿಯ ಹುಡುಗಿಯರು ಶಿಬಿರಕ್ಕೆ ಬರುವುದೇ ಇಲ್ಲ. ಕೇಳಿದರೆ "ತಮ್ಮನ್ನ ನೋಡ್ಕೋಬೇಕು ಅಡುಗೆ ಅಕ್ಕ" ಅನ್ನುತ್ತಾರೆ. ಅವ್ವ ಕೂಲಿಗೆ ಹೋದರೆ ಮನೆಗೆ ಅವಳೇ ಅವ್ವ. ಅವಳು ಬರಬೇಕಾದರೆ ಸೊಂಟದ ಮೇಲಿನ ತಮ್ಮನಿಗೂ ಜಾಗ ಇರಬೇಕು. ಕೂಲಿಗೆ ಹೋಗುವವರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಇರುವ ಪಂಚಾಯಿತಿಗಳಲ್ಲಿ ಅದನ್ನು ಶಿಬಿರದ ಹೊತ್ತಿಗೆ ಹೊಂದಿಸಬಹುದು. ಇಲ್ಲದ ಕಡೆ ಚಿಕ್ಕವರನ್ನೂ ಕರೆದುಕೊಂಡು ಬನ್ನಿ ಅಂತ ಡಂಗುರ ಸಾರಿಸಿದರೂ ಸಾಕು, ಜಗಲಿಯಲ್ಲಿ ಒಂದು ಚಾಪೆ ಹಾಸುತ್ತೇವೆ. ನವೆಂಬರ್ ಆಸುಪಾಸಿನಲ್ಲಿ ಮಕ್ಕಳ ಗ್ರಾಮಸಭೆ ಮಾಡುತ್ತಾರಲ್ಲ, ಅಲ್ಲಿ ಆ ಹುಡುಗಿಯರನ್ನೇ ನಿಲ್ಲಿಸಿ ರಜೆಯಲ್ಲಿ ನಿಮಗೆ ಏನು ಬೇಕು ಅಂತ ಕೇಳಿ. ಅವರು ಬಾಯಿ ಬಿಟ್ಟು ಹೇಳುತ್ತಾರೆ.

ನಾನು ಕೇಳುತ್ತಿರುವುದು ಹೊಸ ಯೋಜನೆ ಅಲ್ಲ. ಗ್ರಾಮೀಣಾಭಿವೃದ್ಧಿ ಇಲಾಖೆಯ ಶಿಬಿರವೂ, ಶಿಕ್ಷಣ ಇಲಾಖೆಯ ಅಡುಗೆಮನೆಯೂ ಒಂದೇ ದಿನ, ಒಂದೇ ಹೊತ್ತಿಗೆ ತೆರೆಯಲಿ. ಬರ ಬಂದ ವರ್ಷ ಮಾತ್ರ ಅಲ್ಲ, ಪ್ರತಿ ಬೇಸಿಗೆಯಲ್ಲಿ. ಬೆಳಿಗ್ಗೆ ಎಂಟೂವರೆಗೆ, ತಾಯಂದಿರು ಕೂಲಿಗೆ ಹೊರಡುವ ಹೊತ್ತಿಗೆ ಶುರುವಾಗಲಿ. ಅವರು ವಾಪಸ್ ಬರುವವರೆಗೆ, ನಾಲ್ಕೂವರೆ ಐದರವರೆಗೆ ನಡೆಯಲಿ. ವಾರಕ್ಕೆ ಒಂದು ಸಂಜೆ ಮನೆಮಂದಿಯೆಲ್ಲ ಬಂದು ಕೂರುವ ಹಾಗೆ ಇರಲಿ.

ಆದೇಶ ಮೇ ತಿಂಗಳಲ್ಲಿ ಬಂದರೆ ಪ್ರಯೋಜನ ಇಲ್ಲ. ಅಷ್ಟು ಹೊತ್ತಿಗೆ ಮಕ್ಕಳು ಹುಣಸೆ ರಾಶಿಗೆ ಕೂತಿರುತ್ತಾರೆ, ಇಲ್ಲವೇ ಅಪ್ಪ ಅವ್ವನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಮಾರ್ಚ್ ಮುಗಿಯುವುದರೊಳಗೆ ಹೊರಡಿಸಲಿ. ಅಕ್ಕಿ, ಬೇಳೆ ಈಗಲೇ ಇಳಿಸಲಿ. ದಾಸ್ತಾನಿನ ಬೀಗದ ಕೈ ರಜೆಯಲ್ಲಿ ಯಾರ ಹತ್ತಿರ ಇರಬೇಕು ಎಂಬುದನ್ನೂ ಆ ಆದೇಶದಲ್ಲೇ ಸ್ಪಷ್ಟವಾಗಿ ಬರೆದಿರಲಿ.

ಇಂತಿ ನಿಮ್ಮ ಪತ್ರಿಕೆ ಓದುವವಳು,
ಒಬ್ಬ ಬಿಸಿಯೂಟ ಅಡುಗೆಯಾಕೆ
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ