ಬಂದರಿನ ಮಾತಿಗೆ ಮುಂಚೆ ನಮ್ಮ ರೈಲಿನ ಮಾತು

ಕೆನಡಾ ಸರ್ಕಾರದ ಉತ್ತರ ಮತ್ತು ಆರ್ಕ್ಟಿಕ್ ವ್ಯವಹಾರಗಳ ಸಚಿವೆ, ಚರ್ಚಿಲ್–ಕೀವಾಟಿನೂಕ್ ಆಸ್ಕಿ ಕ್ಷೇತ್ರದ ಸಂಸದೆ ರೆಬೆಕಾ ಚಾರ್ಟ್ರಂಡ್ ಅವರಿಗೆ,

ನಮಸ್ಕಾರ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ವಿನ್ನಿಪೆಗ್, ಟೊರಾಂಟೊ, ಕ್ಯಾಲ್ಗರಿಗಳಲ್ಲಿ ನೆಲೆಸಿರುವ ನನ್ನ ಭಾಷೆಯವರೂ ಓದಲಿ ಎಂದು. ಅವರಲ್ಲಿ ಅನೇಕರಿಗೆ ಇಲ್ಲಿ ಮತದ ಹಕ್ಕಿದೆ. ನಾನಿರುವ ಚರ್ಚಿಲ್ ಊರು ಎಂದರೆ ಅವರಿಗೆ ನೆನಪಾಗುವುದು ಹಿಮಕರಡಿಯ ಫೋಟೊ, ಅಷ್ಟೇ. ನನಗಂತೂ ಇನ್ನೂ ಮತದ ಹಕ್ಕಿಲ್ಲ. ಹಾವೇರಿ ಜಿಲ್ಲೆಯಿಂದ ಬಂದು ಇಲ್ಲಿನ ಅತಿಥಿಗೃಹವೊಂದರ ಅಡುಗೆಮನೆಯಲ್ಲಿ ದುಡಿಯುವವನು ನಾನು. ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇನೆ ಎಂದು ನಿಮ್ಮನ್ನು ಹೆದರಿಸುವ ಅವಕಾಶವೂ ಇಲ್ಲದ ಮೇಲೆ ಹೇಳಬೇಕಾದ್ದನ್ನು ನೇರವಾಗಿ ಹೇಳುವುದೇ ವಾಸಿ.

2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿಯವರು ದೇಶದ ದೊಡ್ಡ ಯೋಜನೆಗಳನ್ನು ಪ್ರಕಟಿಸಿದಾಗ ಮುಂದೆ ಕೈಗೆತ್ತಿಕೊಳ್ಳುವವುಗಳ ಸಾಲಿನಲ್ಲಿ ನಮ್ಮೂರಿನ ಬಂದರೂ ಇತ್ತು. 'ಪೋರ್ಟ್ ಆಫ್ ಚರ್ಚಿಲ್ ಪ್ಲಸ್' ಎಂದು ಅದಕ್ಕೆ ಹೆಸರು. ಸರ್ವಋತು ರಸ್ತೆ, ಬಲಪಡಿಸಿದ ರೈಲು ಮಾರ್ಗ, ಇಂಧನ ಕಾರಿಡಾರ್, ಹಿಮ ಒಡೆಯುವ ಹಡಗುಗಳು, ಎಲ್ಲವೂ ಅದರಲ್ಲಿವೆ. ನಾನು ಇದರ ವಿರೋಧಿಯಲ್ಲ. ಕೆಲಸ ಬೇಡ, ರಸ್ತೆ ಬೇಡ ಎನ್ನುವವರು ಈ ಊರಿನಲ್ಲಿ ನನಗೆ ಕಂಡಿಲ್ಲ. ಆದರೆ ಆ ಪ್ರಕಟಣೆಯಲ್ಲಿ ಧಾನ್ಯ ಹೇಗೆ ಹೊರಗೆ ಹೋಗಬೇಕು, ಖನಿಜ ಹೇಗೆ ಹೋಗಬೇಕು ಎಂಬುದರ ಬಗ್ಗೆ ಇರುವ ಕಾಳಜಿ, ನಮಗೆ ಹಾಲು ಹೇಗೆ ಬರಬೇಕು ಎಂಬುದರ ಬಗ್ಗೆ ಕಾಣಲಿಲ್ಲ. ಕಾರಿಡಾರ್ ಎಂದರೆ ಎರಡೂ ಕಡೆಗೆ ದಾರಿ ಎಂದು ನಾವು ತಿಳಿದಿದ್ದೇವೆ.

ಓದುತ್ತಿರುವ ಕನ್ನಡಿಗರಿಗೆ ಊರಿನ ಪರಿಚಯ ಹೇಳಬೇಕು, ನೀವು ಮನ್ನಿಸಬೇಕು. ಹಡ್ಸನ್ ಕೊಲ್ಲಿಯ ದಡದಲ್ಲಿರುವ ಚರ್ಚಿಲ್‌ನ ಜನಸಂಖ್ಯೆ 2021ರ ಜನಗಣತಿಯಲ್ಲಿ 870. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ರೀ, ಡೆನೆ, ಮೆಟಿಸ್, ಇನ್ಯುಯಿಟ್ ಮೂಲನಿವಾಸಿಗಳು. ಹೊರಗಿನಿಂದ ಊರಿಗೆ ರಸ್ತೆಯೇ ಇಲ್ಲ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಈಜುಕೊಳ, ಸಿನಿಮಾ ಎಲ್ಲವೂ ಟೌನ್ ಸೆಂಟರ್ ಎಂಬ ಒಂದೇ ಸೂರಿನಡಿ ಇವೆ. ಕರಡಿ ಎದುರಾದರೆ ಯಾರಾದರೂ ಓಡಿಬಂದು ಹತ್ತಿಕೊಳ್ಳಲಿ ಎಂದು ಕಾರಿಗೆ ಬೀಗ ಹಾಕದ ಊರು ಇದು. ಮಂಗಳೂರು ಕಡೆಯವರಿಗೆ ಹೀಗೆ ಹೇಳಿದರೆ ಅರ್ಥವಾದೀತು: ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಚಾರ್ಮಾಡಿ ಇದೆ, ಅದೂ ಮುಚ್ಚಿದರೆ ಸಂಪಾಜೆ ಇದೆ. ಇಲ್ಲಿ ಇರುವುದು ವಿನ್ನಿಪೆಗ್‌ನಿಂದ ಸುಮಾರು 1,700 ಕಿಲೋಮೀಟರ್ ಉದ್ದದ ಒಂದೇ ರೈಲು ಹಳಿ. ಪ್ರಯಾಣಿಕರ ರೈಲು ವಾರಕ್ಕೆ ಎರಡು ಬಾರಿ ಹೊರಡುತ್ತದೆ, ಎರಡು ರಾತ್ರಿ ಕಳೆದು ಬರುತ್ತದೆ. ಅದು ಬಿಟ್ಟರೆ ವಿಮಾನ. ಅದರ ದರ ನೋಡಿದವರು ಸುಮ್ಮನೆ ಮನೆಯಲ್ಲಿರುತ್ತಾರೆ.

ಆ ಹಳಿಯ ಕೊನೆಯ ಭಾಗ, ಗಿಲ್ಲಮ್‌ನಿಂದ ಇಲ್ಲಿಯವರೆಗಿನ ಸುಮಾರು 300 ಕಿಲೋಮೀಟರ್, ಜವುಗಿನ ಮೇಲಿದೆ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ ಎಂಬ ನಂಬಿಕೆಯ ಮೇಲೆ ಮಣ್ಣು ಸುರಿದು, 1929ರಲ್ಲಿ ಹಳಿಯನ್ನು ಚರ್ಚಿಲ್‌ಗೆ ಮುಟ್ಟಿಸಿದರು. ಈಗ ಆ ನೆಲ ಅಲ್ಲಲ್ಲಿ ಕರಗುತ್ತಿದೆ. ದಿಬ್ಬದ ಪಕ್ಕದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಬಿಸಿಲಿನ ಕಾವನ್ನು ಹಿಡಿದಿಟ್ಟು ಇನ್ನಷ್ಟು ನೆಲವನ್ನು ಕರಗಿಸುತ್ತದೆ, ಒಂದು ಕಡೆಯ ಹಳಿ ತಗ್ಗಿದರೆ ಇನ್ನೊಂದು ಹಾಗೆಯೇ ಉಳಿಯುತ್ತದೆ. ಜಲ್ಲಿ ಸುರಿದು ಸರಿಮಾಡಿದರೆ ಮತ್ತೊಂದು ಕಡೆ ತಗ್ಗುತ್ತದೆ. ಕಿಟಕಿಯಿಂದ ನೋಡಿದರೆ ಹಳೆಯ ತಂತಿ ಕಂಬಗಳು ಕಾಣುತ್ತವೆ. ಒಂದೇ ಕಂಬ ಹೂಳಿದರೆ ಈ ನೆಲ ಅದನ್ನು ಮೇಲಕ್ಕೆ ತಳ್ಳಿ ಉರುಳಿಸುತ್ತದೆಂದು ಮೂರು ಮರದ ಕಾಲುಗಳನ್ನು ಕಟ್ಟಿ ಮುಕ್ಕಾಲಿಯಂತೆ ನಿಲ್ಲಿಸಿದ್ದಾರೆ. ತಂತಿ ಎಳೆಯಲು ಬಂದವರಿಗೆ ಅಷ್ಟು ಹಿಂದೆಯೇ ಗೊತ್ತಾಗಿದ್ದು ರಾಜಧಾನಿ ಒಟ್ಟಾವಾದ ಕಡತಗಳಿಗೆ ಬಹುಕಾಲ ಗೊತ್ತಾಗಲಿಲ್ಲ. ಆ ಭಾಗಕ್ಕೆ ಬಂದಾಗ ರೈಲು ಎಷ್ಟು ನಿಧಾನವಾಗುತ್ತದೆಂದರೆ ಹೊರಗಿನ ಕುಳ್ಳ ಸ್ಪ್ರೂಸ್ ಮರಗಳನ್ನು ಒಂದೊಂದಾಗಿ ಎಣಿಸಬಹುದು.

ರೈಲು ತಡವಾದರೆ ನನಗೆ ಮೊದಲು ತಿಳಿಯುವುದು ಸೊಪ್ಪಿನಲ್ಲಿ. ಲೆಟ್ಯೂಸ್ ಪೆಟ್ಟಿಗೆ ತೆರೆದಾಗ ಎಲೆಗಳ ಅಂಚು ಕಪ್ಪಾಗಿ ನೀರು ಬಿಟ್ಟಿರುತ್ತದೆ. ದಾರಿಯಲ್ಲಿ ಒಮ್ಮೆ ಹೆಪ್ಪುಗಟ್ಟಿ ಮತ್ತೆ ಕರಗಿದ ಗುರುತು ಅದು. ಆಲೂಗಡ್ಡೆ, ಈರುಳ್ಳಿಯ ಮೂಟೆ ತಡೆದುಕೊಳ್ಳುತ್ತದೆ. ಟೊಮೆಟೊ ತಡೆಯುವುದಿಲ್ಲ. ಕೊತ್ತಂಬರಿ ಸೊಪ್ಪು ಹಸಿರಾಗಿ ಬಂದ ದಿನ ನನಗೆ ಹಬ್ಬ. ಪ್ರವಾಸಿಗರಿಗೆ ಇದು ಗೊತ್ತಾಗುವುದಿಲ್ಲ, ಅವರಿಗಾಗಿ ಸಾಮಾನು ವಿಮಾನದಲ್ಲಿ ತರಿಸುತ್ತೇವೆ, ಖರ್ಚು ಅವರ ಬಿಲ್ಲಿನಲ್ಲಿ ಸೇರಿಹೋಗುತ್ತದೆ. ನನ್ನ ಜೊತೆ ಪಾತ್ರೆ ತೊಳೆಯುವ ಕ್ರೀ ಅಜ್ಜಿ ಮೂವರು ಮೊಮ್ಮಕ್ಕಳನ್ನು ಸಾಕುತ್ತಾರೆ. ಅವರು ಯಾರ ಬಿಲ್ಲಿಗೆ ಸೇರಿಸಬೇಕು?

2017ರ ಮಾರ್ಚ್‌ನಲ್ಲಿ ದೊಡ್ಡ ಹಿಮಬಿರುಗಾಳಿ ಬಂತು. ಮೇ ತಿಂಗಳಲ್ಲಿ ಆ ಹಿಮವೆಲ್ಲ ಕರಗಿ ಪ್ರವಾಹವಾಗಿ, ಇಪ್ಪತ್ತಕ್ಕೂ ಹೆಚ್ಚು ಕಡೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಯಿತು. ನಾನು ಆಗ ಇಲ್ಲಿರಲಿಲ್ಲ. ಇದ್ದವರು ಹೇಳುವುದನ್ನು ಕೇಳಿದರೆ ಅವರಿಗೆ ಪ್ರವಾಹಕ್ಕಿಂತ ಹೆಚ್ಚು ನೆನಪಿರುವುದು ಆಮೇಲಿನ ಕಾಗದಪತ್ರಗಳ ಜಗಳ. ಆಗ ಹಳಿಯ ಒಡೆತನ ಡೆನ್ವರ್ ಮೂಲದ ಓಮ್ನಿಟ್ರಾಕ್ಸ್ ಕಂಪನಿಯದು. 1997ರಲ್ಲಿ ಅದನ್ನು ಆ ಕಂಪನಿಗೆ ಮಾರಲಾಗಿತ್ತು. ದುರಸ್ತಿಯ ಖರ್ಚು ನಮ್ಮಿಂದಾಗದು ಎಂದಿತು ಕಂಪನಿ. ದುರಸ್ತಿ ನಿಮ್ಮದೇ ಹೊಣೆ ಎಂದಿತು ಒಟ್ಟಾವಾ. ನೋಟಿಸು, ಮೊಕದ್ದಮೆ ಎಲ್ಲ ಆಯಿತು. ಸಾರಿಗೆ ಪ್ರಾಧಿಕಾರ ಕಂಪನಿಯೇ ತಪ್ಪಿತಸ್ಥ, ದುರಸ್ತಿ ಶುರುಮಾಡಬೇಕು ಎಂದು ಆದೇಶಿಸುವ ಹೊತ್ತಿಗೆ 2018ರ ಜೂನ್ ಬಂದಿತ್ತು. ಹಳಿಯ ಮೇಲೆ ಮತ್ತೆ ರೈಲು ಬಂದದ್ದು ಅದೇ ವರ್ಷದ ಅಕ್ಟೋಬರ್ ಕೊನೆಗೆ, ಒಡೆತನ ಬದಲಾದ ಮೇಲೆ. ಹದಿನೇಳು ತಿಂಗಳು. ಅಷ್ಟು ಕಾಲ ದಿನಸಿ ವಿಮಾನದಲ್ಲಿ ಬಂತು, ಮನೆ ಬೆಚ್ಚಗಿಡುವ ಪ್ರೊಪೇನ್ ಹಡಗಿನಲ್ಲಿ ಬಂತು, ಚಳಿಗಾಲದಲ್ಲಿ ಕೆಲವರು ಹೆಪ್ಪುಗಟ್ಟಿದ ನೆಲದ ಮೇಲೆ ಟ್ರ್ಯಾಕ್ಟರ್‌ಗಳ ಸಾಲು ಹೊರಡಿಸಿ ಸರಕು ಎಳೆತಂದರು. ಕೆಲಸ ಹೋದವರು ಊರು ಬಿಟ್ಟರು.

ಸಚಿವರೇ, ಕಾನೂನು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕಾನೂನು ಇತ್ತು. ಕೊನೆಗೆ ಅದು ಊರಿನ ಪರವಾಗಿಯೇ ಮಾತಾಡಿತು. ಅದು ಮಾತಾಡುವವರೆಗೆ ಅಕ್ಕಿ ಯಾರ ಖರ್ಚಿನಲ್ಲಿ ಬರಬೇಕು ಎಂಬುದಷ್ಟೇ ಅದರಲ್ಲಿ ಇರಲಿಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆ: ಬಂದರು ಯೋಜನೆಗೆ ಸರ್ಕಾರ ಹಣ ಕೊಡುವ ಒಪ್ಪಂದದಲ್ಲೇ ಒಂದು ಷರತ್ತು ಬರೆಯಿಸಿ. ಹಳಿ ಕಡಿದುಹೋದ ದಿನದಿಂದಲೇ ಆಹಾರ, ಇಂಧನ, ಔಷಧಿಗಳ ಸಾಗಣೆಯ ಹೆಚ್ಚುವರಿ ಖರ್ಚನ್ನು ಕೇಂದ್ರ ಸರ್ಕಾರ ಭರಿಸಬೇಕು. ಯಾರಿಂದ ವಸೂಲಿ ಮಾಡಬೇಕು ಎಂಬ ವ್ಯಾಜ್ಯವನ್ನು ಆಮೇಲೆ ನಿಮ್ಮ ವಕೀಲರು ಬೆಚ್ಚಗೆ ಕೂತು ನಡೆಸಲಿ.

ಈಗ ಹಳಿ, ಬಂದರು ಎರಡೂ ಆರ್ಕ್ಟಿಕ್ ಗೇಟ್‌ವೇ ಗ್ರೂಪ್‌ನದು. ಅದರ ಒಡೆಯರು ಫಸ್ಟ್ ನೇಷನ್ ಎಂದು ಕರೆಯುವ 29 ಮೂಲನಿವಾಸಿ ಸಮುದಾಯಗಳು ಮತ್ತು ಉತ್ತರದ 12 ಊರುಗಳು. ಇದು ಸಣ್ಣ ಮಾತಲ್ಲ, ನಮಗೆ ಹೆಮ್ಮೆಯೂ ಇದೆ. 2018ರಲ್ಲಿ 117 ಮಿಲಿಯನ್ ಡಾಲರ್, 2025ರಲ್ಲಿ ಐದು ವರ್ಷಕ್ಕೆ 175 ಮಿಲಿಯನ್ ಡಾಲರ್ ಎಂದು ನಿಮ್ಮ ಸರ್ಕಾರವೂ ಕೈಬಿಚ್ಚಿದೆ. ಜಲ್ಲಿ ಬಿದ್ದಿದೆ, ಸ್ಲೀಪರ್ ಬದಲಾಗಿದೆ, 2024ರಲ್ಲಿ ಸತುವಿನ ಅದಿರು ಹೊತ್ತ ಹಡಗು ಇಲ್ಲಿಂದ ಹೊರಟಿತು. ಹಾಗಿದ್ದೂ ನನಗೆ ಭಯವಿರುವುದು ಈ ಊರಿನ ಇತಿಹಾಸದಿಂದ. ಹೊರಗಿನವರ ಸರಕಿಗಾಗಿಯೇ ಬೆಳೆದ ಊರು ಇದು. ಮೊದಲು ತುಪ್ಪಳ. ಆಮೇಲೆ ಗೋಧಿ, 1931ರಿಂದ. ಯುದ್ಧಕಾಲದಲ್ಲಿ ಸೇನಾ ನೆಲೆ, ಅದರ ಬೆನ್ನಿಗೆ ರಾಕೆಟ್ ಉಡಾವಣಾ ಕೇಂದ್ರ. ಆಗ ಇಲ್ಲಿ ಸಾವಿರಾರು ಜನ ಇದ್ದರಂತೆ. ಸೇನೆ ಹೋಯಿತು, ರಾಕೆಟ್ ಹೋಯಿತು. ಧಾನ್ಯವನ್ನು ಇತ್ತ ಕಳಿಸುತ್ತಿದ್ದ ಗೋಧಿ ಮಂಡಳಿಯ ಏಕಸ್ವಾಮ್ಯ 2012ರಲ್ಲಿ ಮುಗಿಯಿತು. ನಾಲ್ಕು ವರ್ಷಗಳ ನಂತರ ಬಂದರಿನ ಕೆಲಸಗಾರರನ್ನು ಮನೆಗೆ ಕಳಿಸಿದರು. ನಮ್ಮ ಕಡೆ ಕಿರಾಣಿ ಅಂಗಡಿಗಳಲ್ಲಿ ಮಾರುವ ಮಸೂರ್ ಬೇಳೆಯಲ್ಲಿ ಒಂದು ಪಾಲು ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರೈತರು ಬೆಳೆದದ್ದು. ಅವರಿಗೆ ಹತ್ತಿರದ ಸಮುದ್ರ ಬೇಕು, ಅದರಲ್ಲಿ ತಪ್ಪಿಲ್ಲ. ಬೇಳೆಯ ಬೆಲೆ ಇಳಿದ ವರ್ಷವೂ ನಮ್ಮ ರೈಲು ಓಡುತ್ತಿರಬೇಕು, ನಾವು ಕೇಳುವುದು ಇಷ್ಟು.

ಇನ್ನೊಂದು ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಪೈನ್ ಕ್ರೀಕ್‌ನ ಅನಿಷಿನಾಬೆ ಮೂಲನಿವಾಸಿ, ನಾನು ಹೇಳುವುದು ಅಧಿಕಪ್ರಸಂಗವಾದೀತು. ಆದರೂ ನನ್ನ ಓದುಗರಿಗಾಗಿ ಹೇಳಲೇಬೇಕು. 1956ರಲ್ಲಿ ಸರ್ಕಾರದ ವಿಮಾನ ಡಕ್ ಲೇಕ್‌ನಲ್ಲಿ ಇಳಿದು ಸುಮಾರು 250 ಸಯಿಸಿ ಡೆನೆ ಜನರನ್ನು ಅವರ ಬೇಟೆಯ ನೆಲದಿಂದ ಎತ್ತಿ ಚರ್ಚಿಲ್‌ಗೆ ತಂದು ಬಿಟ್ಟಿತು. ಅವರ ಬೇಟೆಯಿಂದ ಕ್ಯಾರಿಬೂ ಎಂಬ ಉತ್ತರದ ಜಿಂಕೆಗಳ ಹಿಂಡುಗಳು ಕರಗುತ್ತಿವೆ ಎಂದು ಅಧಿಕಾರಿಗಳು ನಂಬಿದ್ದರು. ಆ ನಂಬಿಕೆ ತಪ್ಪಾಗಿತ್ತು. ಕ್ಯಾರಿಬೂ ಹಿಂದೆ ನಡೆದು ಬದುಕಿದವರಿಗೆ ಸಮುದ್ರದಂಡೆಯಲ್ಲಿ ಮಾಡಲು ಏನೂ ಇರಲಿಲ್ಲ. ಸ್ಮಶಾನದ ಪಕ್ಕದಲ್ಲಿ 'ಕ್ಯಾಂಪ್ 10' ಎಂಬ ಹೆಸರಿನ ಗುಡಿಸಲುಗಳ ಸಾಲಿನಲ್ಲಿ ಅವರನ್ನು ಇರಿಸಿದರು. ಮಕ್ಕಳು ಊರಿನ ಕಸದ ರಾಶಿಯಲ್ಲಿ ಊಟ ಹುಡುಕಿದರು. ಬೆಂಕಿ, ಕುಡಿತ, ಹೊಡೆದಾಟ, ಚಳಿ. 1973ರಲ್ಲಿ ಉಳಿದವರು ತಾವಾಗಿಯೇ ಹೊರಟು ಟಡೂಲ್ ಲೇಕ್‌ಗೆ ಹೋಗುವ ಹೊತ್ತಿಗೆ 117 ಜನ ಸತ್ತಿದ್ದರು. ಕೇಂದ್ರ ಸರ್ಕಾರ ಕ್ಷಮೆ ಕೇಳಿದ್ದು 2016ರಲ್ಲಿ.

ಆ ಅಧಿಕಾರಿಗಳು ಕ್ರೂರಿಗಳಾಗಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಅವಸರವಿತ್ತು, ಕೇಳುವ ವ್ಯವಧಾನ ಇರಲಿಲ್ಲ. 2025ರ ಜೂನ್‌ನಲ್ಲಿ ನೀವು ಅಂಗೀಕರಿಸಿದ ಕಾನೂನು ರಾಷ್ಟ್ರಹಿತದ ಯೋಜನೆಗಳಿಗೆ ಅನುಮತಿಯನ್ನು ಬೇಗ ಕೊಡಲೆಂದೇ ಹುಟ್ಟಿದ್ದು. ಬಂದರಿನ ಒಡೆಯರೇ ಮೂಲನಿವಾಸಿಗಳು, ಇನ್ನು ಯಾರನ್ನು ಕೇಳಬೇಕು ಎಂಬ ಮಾತು ಈಗಲೇ ಕಿವಿಗೆ ಬೀಳುತ್ತಿದೆ. ಷೇರು ಇರುವವರನ್ನು ಕೇಳಿದ ಮಾತ್ರಕ್ಕೆ ಹಳಿಯ ಪಕ್ಕ ಬದುಕುವವರನ್ನು ಕೇಳಿದಂತಾಗುವುದಿಲ್ಲ. ಥಿಕೆಟ್ ಪೋರ್ಟೇಜ್, ಪಿಕ್ವಿಟೊನೈ, ಇಲ್ಫೋರ್ಡ್‌ಗಳಂಥ ಪುಟ್ಟ ಊರುಗಳಿಗೂ ಇದೇ ಹಳಿ ಜೀವನಾಡಿ. ಸರಕು ಗಾಡಿಗಳು ಹೆಚ್ಚಾದಾಗ ಅಲ್ಲಿ ಕೈತೋರಿಸಿದರೆ ನಿಲ್ಲುವ ಪ್ರಯಾಣಿಕ ರೈಲು ಪಕ್ಕದ ಹಳಿಯಲ್ಲಿ ಗಂಟೆಗಟ್ಟಲೆ ಕಾಯುವಂತಾದರೆ ಯಾರು ಉತ್ತರ ಕೊಡುತ್ತಾರೆ? ಇದು ನನ್ನ ಎರಡನೆಯ ಬೇಡಿಕೆ. ವಾರಕ್ಕೆ ಕನಿಷ್ಠ ಎಷ್ಟು ಪ್ರಯಾಣಿಕ ರೈಲು, ಎಷ್ಟು ದಿನಸಿ ವ್ಯಾಗನ್ ಎಂಬುದನ್ನು ಅಂಕಿಯಲ್ಲಿ ಬರೆದು, ಅದಕ್ಕೆ ಸರಕಿಗಿಂತ ಮೊದಲ ಹಕ್ಕು ಕೊಡಬೇಕು.

ಸಮುದ್ರದ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ಬಲ್ಲವರು ಬರೆಯುತ್ತಾರೆ. ಪಶ್ಚಿಮ ಹಡ್ಸನ್ ಕೊಲ್ಲಿಯ ಹಿಮಕರಡಿಗಳು 2016ರ ಅಂದಾಜಿನಲ್ಲಿ 842 ಇದ್ದವು, 2021ರಲ್ಲಿ 618. ಬೇಸಿಗೆಯಲ್ಲಿ ಬೆಲುಗಾ ತಿಮಿಂಗಿಲಗಳು ನದೀಮುಖಕ್ಕೆ ಮರಿಗಳನ್ನು ಕರೆದುಕೊಂಡು ಬರುತ್ತವೆ, ಬಂದರು ಇರುವುದೂ ಅಲ್ಲಿಯೇ. ಹಿಮ ಒಡೆಯುವ ಹಡಗನ್ನು ಚಳಿಗಾಲದಲ್ಲೂ ಓಡಿಸುವುದಾದರೆ, ಕೊಲ್ಲಿಯ ಹಿಮದ ಮೇಲೆ ಸೀಲ್ ಬೇಟೆಗೆ ಹೋಗುವ, ನಮ್ಮ ಉತ್ತರಕ್ಕಿರುವ ಅರ್ವಿಯಾಟ್ ಊರಿನ ಇನ್ಯುಯಿಟ್ ಜನರನ್ನು ಕೇಳಿದ ಮೇಲೆ ಓಡಿಸಿ. ಅವರು ನಿಮ್ಮ ಕ್ಷೇತ್ರದವರಲ್ಲ, ನಿಮ್ಮ ಖಾತೆಯವರು.

ಕೊನೆಗೆ ಮನೆಗಳ ಮಾತು. ಕರಡಿ ನೋಡಲು ಜನ ಬರುವ ಅಕ್ಟೋಬರ್, ನವೆಂಬರ್‌ನಲ್ಲಿ ಇಲ್ಲಿ ಒಂದು ಕೋಣೆಯೂ ಖಾಲಿ ಇರುವುದಿಲ್ಲ. ಕಾಮಗಾರಿಗೆ ನೂರಾರು ಜನ ಬಂದಿಳಿದರೆ ಬಾಡಿಗೆ ಏನಾಗುತ್ತದೆಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ. ಮೊದಲ ಕ್ರೇನ್ ಬರುವ ಮುನ್ನ ಊರಿನವರಿಗೆ ಮನೆ ಕಟ್ಟಿಸಿ. ಅದರಲ್ಲಿ ನಾನು ಪಾಲು ಕೇಳುತ್ತಿಲ್ಲ, ಅತಿಥಿಗೃಹದ ಹಿಂದಿನ ಕೋಣೆ ನನಗೆ ಸಾಕು.

ನಿಮ್ಮಿಂದ ಲಿಖಿತ ಉತ್ತರ ಬಯಸುತ್ತೇನೆ. ಯೋಜನೆಯ ಕಿರುಹೊತ್ತಗೆ ಬೇಡ, ಅದು ನಮ್ಮಲ್ಲಿದೆ. ಹಳಿ ಕಡಿದ ದಿನದ ಖರ್ಚು ಯಾರದು, ವಾರಕ್ಕೆ ಎಷ್ಟು ರೈಲು, ಟಡೂಲ್ ಲೇಕ್‌ನ ಜನರೊಡನೆ ಮಾತುಕತೆ ಯಾವಾಗ, ಈ ಮೂರಕ್ಕೆ ಉತ್ತರ ಬಂದರೆ ಸಾಕು. ಬಂದ ಕೂಡಲೇ ಟೌನ್ ಸೆಂಟರ್‌ನ ಸೂಚನಾ ಫಲಕಕ್ಕೆ ಅಂಟಿಸುತ್ತೇನೆ. ಇಂಟರ್ನೆಟ್ ನೋಡದ ಹಿರಿಯರು ಅಲ್ಲಿ ನಿಂತು ಓದುತ್ತಾರೆ.

ಇತಿ ವಿಶ್ವಾಸಿ,
ಚರ್ಚಿಲ್‌ನ ಒಬ್ಬ ಅಡುಗೆಯವನು